ಬೀಗರ ಫೋನಿಗೆ ಪಂಕ್ತಿ ಊಟ

"ಇಡ್ರಿ ಮಾಸ್ತರ, ಅಂಜಬ್ಯಾಡ್ರಿ. ನಮ್ಮನ್ಯಾಗ ಊಟದ ಮಣಿ ಮ್ಯಾಲೆ ಕುಂತವರಿಗೆ ಎಂದೂ ಕಡಿಮಿ ಬಿದ್ದಿಲ್ಲ."

ಈರಬಸಪ್ಪ ಎದೆಯುಬ್ಬಿಸಿ ಹೀಗೆ ಹೇಳಿದಾಗ ಪಕ್ಕದ ಮನೆಯ ಮಡಿವಾಳಪ್ಪ ಮಾಸ್ತರರು ಗಾಜು ಒಡೆದ ತಮ್ಮ ಫೋನನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಹಿಂದೆ ಮುಂದೆ ನೋಡುತ್ತಿದ್ದರು. ಅವರ ಅನುಮಾನಕ್ಕೆ ಕಾರಣವಿತ್ತು. ಈರಬಸಪ್ಪನ ಹಿಂದಿನ ಯಂತ್ರ ರೊಟ್ಟಿ ಬಡಿಯಲೆಂದು ಹುಟ್ಟಿದ್ದು, ಬಡಿದ ರೊಟ್ಟಿಯನ್ನೆಲ್ಲ ಮಾಸ್ತರರ ಮಾಳಿಗೆಗೆ ಎಸೆದು ತೀರಿಕೊಂಡಿತ್ತು.

ಈ ಸಲದ್ದು ನೋಡಲಿಕ್ಕೆ ಸೌಮ್ಯವಾಗಿತ್ತು. ಒಂದು ಉದ್ದನೆಯ ಹಲಗೆ. ಅದರ ಮೇಲೆ ಸಾಲಾಗಿ ಸ್ಟೀಲಿನ ಪುಟ್ಟ ತಟ್ಟೆಗಳು. ತಟ್ಟೆಗೊಂದರಂತೆ ಗಿಡ್ಡ ಗಟ್ಟಿ ಯುಎಸ್‌ಬಿ ವೈರು. ಹಲಗೆಯ ತುದಿಯಲ್ಲಿ ಟಿಫಿನ್ ಡಬ್ಬಿಯಷ್ಟು ದೊಡ್ಡ ಅಡಾಪ್ಟರು, ಅದರ ಪಕ್ಕಕ್ಕೆ ಹಳೆಯ ರೇಡಿಯೋದಿಂದ ಕಿತ್ತ ಸ್ಪೀಕರು. ಮಾಸ್ತರರು ಕೊನೆಗೂ ಫೋನನ್ನು ತಟ್ಟೆಯಲ್ಲಿಟ್ಟು ವೈರು ಚುಚ್ಚಿದರು.

"ಬರ್ರಿ, ಕೂಡ್ರಿ. ಎಷ್ಟ್ ಹಾಕ್ಲಿ?" ಎಂದಿತು ಯಂತ್ರ.

ಮಾಸ್ತರರು ಬೆಚ್ಚಿ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಲ್ಲಿ ಈರಬಸಪ್ಪನ ಹೆಂಡತಿ ನೀಲಕ್ಕ ಸೆರಗು ಬಾಯಿಗೆ ಹಚ್ಚಿಕೊಂಡು ನಿಂತಿದ್ದಳು. ಧ್ವನಿ ಅವಳದೇ, ಆದರೆ ಮಾತಾಡಿದ್ದು ಅವಳಲ್ಲ. ಗಂಡ ತನ್ನ ಧ್ವನಿಯನ್ನೇ ಯಂತ್ರಕ್ಕೆ ಹಾಕಿದ್ದಾನೆಂದು ಅವಳಿಗೆ ಒಳಗೊಳಗೇ ಬಹಳ ಹಿಗ್ಗಾಗಿತ್ತು. ಮನೆಯೊಳಗೆ ಗಂಡನನ್ನು ದಿನಕ್ಕೆ ಹತ್ತು ಸಲ ಬೈಯುವ ಹಕ್ಕು ಅವಳಿಗಿತ್ತು. ಹೊರಗಿನವರು ಒಂದು ಮಾತು ಆಡಿದರೂ ಸುಮ್ಮನಿರುವ ಹೆಂಗಸಲ್ಲ.

ಮಾಸ್ತರರು ಒಂದು ಎಲೆಯಡಿಕೆ ಅಗಿದು ಮುಗಿಸುವುದರೊಳಗೆ ಫೋನು ತುಂಬಿತು. ನೂರಾದ ಕೂಡಲೇ ಅದು ಟಿಣ್ ಎಂದಿತು. ಫೋನಿನ ಭಾಷೆಯಲ್ಲಿ ಅದಕ್ಕೆ ಸಾಕು ಎಂದರ್ಥ. ಯಂತ್ರ ಮಾತ್ರ ಬಿಡಲಿಲ್ಲ. "ಅಯ್ಯ, ಏನ್ ಮಹಾ ತಿಂದ್ರಿ ಅಂತ ಸಾಕಂತೀರಿ? ಒಂದೀಟು ತಗೋರಿ," ಎಂದು ಇನ್ನಷ್ಟು ಹಾಕಿತು. ನೂರಾ ಒಂದು. ನೂರಾ ನಾಲ್ಕು. ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಇಡೀ ಜೀವಮಾನ ಮಕ್ಕಳಿಗೆ ಗಣಿತ ಕಲಿಸಿದವರು.

"ನೂರರ ಮ್ಯಾಲೆ ಪ್ರತಿಶತ ಹೆಂಗ ಹೋಗ್ತೈತಿ, ಈರಬಸಪ್ಪ?"

"ಹೊಟ್ಟಿ ತುಂಬಿದ ಮ್ಯಾಲೆ ಹೋಳಿಗಿ ಹೆಂಗ ಹೋಗ್ತೈತಿ, ಮಾಸ್ತರ? ಹಂಗ."

ಮಾಸ್ತರರು ವೈರು ಕಿತ್ತರು. ಫೋನು ಎತ್ತಿಕೊಂಡು ಹೋದರು. ವಾರವಾದರೂ ಅದು ಮತ್ತೆ ಚಾರ್ಜು ಕೇಳಲಿಲ್ಲ. ಗದಗಿನ ಆ ಓಣಿಯಲ್ಲಿ ಸುದ್ದಿ ಹರಡಿ, ನೀರು ತರಲಿಕ್ಕೆ ಹೋದ ನೀಲಕ್ಕನನ್ನು ಹೆಂಗಸರೆಲ್ಲ ನಿಲ್ಲಿಸಿ ಯಂತ್ರದ ಬಗ್ಗೆ ಕೇಳಿದರು. ಅವಳು ಏನೂ ಇಲ್ಲವೆಂಬಂತೆ ಮುಖ ಮಾಡಿಕೊಂಡು, ಕೊಡ ತುಂಬಿದ ಮೇಲೂ ಅರ್ಧ ತಾಸು ನಿಂತು ಎಲ್ಲವನ್ನೂ ಹೇಳಿದಳು.

ಆದರೆ ಯಂತ್ರ ಹುಟ್ಟಿದ್ದು ಓಣಿಯವರಿಗಾಗಿ ಅಲ್ಲ, ಬೀಗ ರುದ್ರಮುನಿಯಪ್ಪನಿಗಾಗಿ.

ಮಗಳು ಸ್ಫೂರ್ತಿಯನ್ನು ಕೊಟ್ಟಿದ್ದು ಹಾವೇರಿಗೆ. ಅವಳ ಮಾವ ರುದ್ರಮುನಿಯಪ್ಪ ಹೋದ ವರ್ಷ ಹೆಂಡತಿಯೊಡನೆ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಬಂದಿದ್ದ. ನೀಲಕ್ಕ ಅವನಿಗೆ ಏಳಲಾಗದಷ್ಟು ಬಡಿಸಿದ್ದಳು. ಅವನೂ ಸಂತೋಷದಿಂದ ಉಂಡು, ಫೋನನ್ನು ಚಾರ್ಜಿಗೆ ಹಾಕಿ ಮಲಗಿದ್ದ. ಎದ್ದು ನೋಡಿದರೆ ಫೋನು ಬರೀ ಹನ್ನೊಂದು ಪ್ರತಿಶತಕ್ಕೆ ಬಂದು ನಿಂತಿತ್ತು. ಹಾವೇರಿ ಮುಟ್ಟುವ ಮೊದಲೇ ಅದೂ ಹೆಂಡತಿಯದೂ ಸತ್ತವು. ಗಾಡಿ ತಾ ಎಂದು ಮಗನಿಗೆ ಹೇಳಲಾಗದೆ ಬೀಗ ನೀಲಕ್ಕ ಕಟ್ಟಿಕೊಟ್ಟ ಬುತ್ತಿಯ ಗಂಟು ಹೊತ್ತು ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ನಡೆದ. ಅಲ್ಲಿಂದ ಮುಂದೆ ಅವನು ಹೋದ ಮದುವೆಯಲ್ಲೆಲ್ಲ ಒಂದೇ ಮಾತು.

"ಗದಗಿನ ಬೀಗರು ನನಗ ಹೊಟ್ಟಿ ತುಂಬ ಹಾಕಿದ್ರು. ನನ್ನ ಫೋನ್ ಮಾತ್ರ ಉಪಾಸ ಕಳಿಸಿದ್ರು."

ಮಗಳು ಇದನ್ನು ನಗುತ್ತಾ ಹೇಳಿದಳು. ನೀಲಕ್ಕನಿಗೆ ನಗು ಬರಲಿಲ್ಲ. ಮೀಟರ್ ನೋಡಲಿಕ್ಕೆ ಬಂದವನನ್ನೂ ಉಪ್ಪಿಟ್ಟು ತಿನ್ನಿಸದೆ ಕಳಿಸಿದ ಮನೆಯಲ್ಲ ಅದು. ಅತ್ತೆ ಆ ಅಡುಗೆಮನೆಯನ್ನು ಅವಳ ಕೈಗೆ ಕೊಡುವಾಗ, ಇಲ್ಲಿಂದ ಯಾರೂ ಹಸಿದು ಹೋಗಿಲ್ಲ, ಅಷ್ಟು ನೋಡಿಕೊ ಎಂದಿದ್ದಳು. ಈಗ ನಾಲ್ಕು ಮದುವೆಗಳ ಪಂಕ್ತಿಯಲ್ಲಿ ಅವಳ ಮನೆಯ ಹೆಸರು ಹೇಳಿ ಜನ ನಗುತ್ತಿದ್ದಾರೆ. ಅವಳಿಗೆ ಆ ರಾತ್ರಿಯ ಊಟ ಸೇರಲಿಲ್ಲ.

ಈರಬಸಪ್ಪ ರೇಡಿಯೋ, ಮಿಕ್ಸರ್ ರಿಪೇರಿ ಮಾಡಿ ಬದುಕಿದವನು. ತಪ್ಪು ಎಲ್ಲಿ ಎಂದು ಕೂಡಲೇ ಹಿಡಿದ. ಮನೆಯಲ್ಲಿದ್ದದ್ದು ಐದು ವ್ಯಾಟಿನ ಹಳೆಯ ಅಡಾಪ್ಟರು. ಅದಕ್ಕೆ ಒಂದು ಕವಲು ಪಿನ್ನು ಸಿಕ್ಕಿಸಿ ಬೀಗನ ಫೋನು, ಬೀಗತಿಯ ಫೋನು, ಭಜನೆಯ ಸ್ಪೀಕರು, ಸಾಲದ್ದಕ್ಕೆ ತನ್ನದೊಂದು ಟಾರ್ಚು, ಎಲ್ಲವನ್ನೂ ತೂಗುಹಾಕಿದ್ದ. ವೈರು ಬೇರೆ ಉದ್ದ, ಸಣ್ಣ. ಅವನು ಹೆಂಡತಿಗೆ ತಿಳಿಯುವಂತೆ ಹೇಳಿದ. ಅಡಾಪ್ಟರು ಅಂದರೆ ಪಾತ್ರೆ, ವೈರು ಅಂದರೆ ಸೌಟು. ಒಂದು ಬೋಗುಣಿ ಸಾರನ್ನು ನಾಲ್ಕು ಮಂದಿಗೆ ಚಮಚದಲ್ಲಿ ಬಡಿಸಿದರೆ ಯಾರ ಹೊಟ್ಟೆ ತುಂಬೀತು? ಅಷ್ಟೇ ಅಲ್ಲ, ಈಗಿನ ಫೋನುಗಳು ಚಾರ್ಜರಿನ ಜೊತೆ ಮೊದಲು ಮಾತಾಡುತ್ತವೆ. ನಿನ್ನ ಹತ್ತಿರ ಎಷ್ಟಿದೆ ಎಂದು ಫೋನು ಕೇಳುತ್ತದೆ, ನಿನಗೆಷ್ಟು ಬೇಕು ಎಂದು ಚಾರ್ಜರು ಕೇಳುತ್ತದೆ. ಇಬ್ಬರಿಗೂ ಒಪ್ಪಿಗೆಯಾದಷ್ಟೇ ಹರಿಯುತ್ತದೆ. ಹಳೆಯ ಅಡಾಪ್ಟರಿಗೆ ಆ ಮಾತು ಬರುವುದಿಲ್ಲ. ಮೂಕನಂತೆ ಒಂದೇ ಚಮಚ ಹಾಕುತ್ತ ಕೂರುತ್ತದೆ.

ಮಗಳು ಫೋನಿನಲ್ಲೇ ಉಪಾಯ ಹೇಳಿದಳು. ಒಂದು ದೊಡ್ಡ ವ್ಯಾಟಿನ ಅಡಾಪ್ಟರು, ಒಂದು ದಪ್ಪ ವೈರು ಕೊಂಡರೆ ಮುಗಿಯಿತು. ಅಲ್ಲಿಗೇ ಮುಗಿಯಬೇಕಿತ್ತು ಕೂಡ. ಆದರೆ ನೀಲಕ್ಕ ಒಪ್ಪಲಿಲ್ಲ.

"ಬೀಗರಿಗೆ ಅಂಗಡಿ ಹೋಳಿಗಿ ತಂದು ಹಾಕ್ತೀವೇನು? ಮನ್ಯಾಗ ಮಾಡ್ರಿ."

ಈರಬಸಪ್ಪನಿಗೆ ಇದಕ್ಕಿಂತ ಹೆಚ್ಚಿನ ಅಪ್ಪಣೆ ಬೇಕಿರಲಿಲ್ಲ. ಚಾರ್ಜರಿಗೆ ಮಾತು ಬರಬೇಕು, ಅದೂ ಬರೀ ಮಾತಲ್ಲ, ಉಪಚಾರದ ಮಾತು ಬರಬೇಕು ಎಂದು ಹಟ ಹಿಡಿದ. ಹಬ್ಬಹಬ್ಬಕ್ಕೂ ಹೆಂಡತಿ ಬಡಿಸುವಾಗ ಹಿಂದೆ ಮೈಕು ಹಿಡಿದುಕೊಂಡು ತಿರುಗಿದ. ಅವಳ ಪದ್ಧತಿಯನ್ನೆಲ್ಲ ಯಂತ್ರಕ್ಕೆ ಉಣಿಸಿದ. ಉಣ್ಣುವವರು ಮೊದಲ ಸಲ ಸಾಕು ಅಂದರೆ ಅದು ನಾಚಿಕೆ. ಎರಡನೆಯ ಸಲ ಅಂದರೆ ಅದು ಮರ್ಯಾದೆ. ಮೂರನೆಯ ಸಲ ಅಂದರೆ ತುಪ್ಪ ಕೇಳುತ್ತಿದ್ದಾರೆ. ಮನೆಯಲ್ಲಿ ತೀರಿತೋ, ಪಂಕ್ತಿಗೆ ಗೊತ್ತಾಗದಂತೆ ಪಕ್ಕದ ಮನೆಯಿಂದ ಒಂದು ಬಟ್ಟಲು ತರಬೇಕು. ತಂದ ಬಟ್ಟಲನ್ನು ಬರಿದಾಗಿ ಹಿಂದಿರುಗಿಸಬಾರದು. ಯಂತ್ರ ಎಲ್ಲವನ್ನೂ ಕಲಿಯಿತು. ನೀಲಕ್ಕನಿಗೆ ತನ್ನ ಬಡಿಸುವಿಕೆಯಲ್ಲಿ ಇಷ್ಟೊಂದು ಶಾಸ್ತ್ರ ಇದೆಯೆಂದು ಆಗಲೇ ತಿಳಿದದ್ದು.

ಪಂಚಮಿಗೆ ಬೀಗರು ಬಂದರು. ರುದ್ರಮುನಿಯಪ್ಪ, ಬೀಗತಿ ಗಿರಿಜವ್ವ, ಜೊತೆಗೆ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡ ಸ್ಫೂರ್ತಿ. ಕಾಲಿಗೆ ನೀರು ಕೊಡುವಾಗಲೇ ಮಗಳು ತಾಯಿಯ ಕಿವಿಯಲ್ಲಿ ಉಸುರಿದಳು. ಮಾವನವರು ನಿನ್ನೆಯಿಂದ ಒಂದು ತುತ್ತು ಮುಟ್ಟಿಲ್ಲ, ಮನೆಯ ಯಾವ ಸಾಮಾನಿಗೂ ಚಾರ್ಜು ಹಾಕಿಲ್ಲ. ಎರಡನ್ನೂ ಖಾಲಿ ಮಾಡಿಕೊಂಡೇ ಬಂದಿದ್ದಾರೆ.

"ಬರಲಿ," ಎಂದಳು ನೀಲಕ್ಕ. ಬೆಳಗಿನ ಜಾವದಿಂದ ಹೋಳಿಗೆ ಬೇಯಿಸುತ್ತ ಅವಳೂ ಒಂದು ಹನಿ ಚಹಾ ಬಿಟ್ಟರೆ ಏನೂ ಮುಟ್ಟಿರಲಿಲ್ಲ.

ಬೀಗ ಚೀಲ ತೆರೆದು ಒಂದೊಂದೇ ಸಾಮಾನನ್ನು ತಟ್ಟೆಯಲ್ಲಿಟ್ಟ. ತನ್ನ ಫೋನು, ಹೆಂಡತಿಯ ಫೋನು, ಸ್ಪೀಕರು, ಗಿರಿಜವ್ವನ ಬ್ಯಾಟರಿ ಕೈಪಂಖ, ಕೊನೆಗೆ ತನ್ನ ಎರಡು ಕಿವಿಯಿಂದ ಪುಟ್ಟ ಶ್ರವಣಯಂತ್ರಗಳನ್ನೂ ತೆಗೆದು ಡಬ್ಬಿಯಲ್ಲಿ ಹಾಕಿ ಇಟ್ಟ. ಇಟ್ಟು, ಈಗ ನೋಡೋಣ ಎಂಬಂತೆ ಕೈ ಕಟ್ಟಿ ನಿಂತ.

"ಬರ್ರಿ, ಕೂಡ್ರಿ. ಎಷ್ಟ್ ಹಾಕ್ಲಿ?" ಎಂದಿತು ಯಂತ್ರ.

ಶ್ರವಣಯಂತ್ರಗಳ ಹೊಟ್ಟೆ ಸಣ್ಣದು. ಬೀಗ ಕೈಕಾಲು ತೊಳೆದು ಬರುವುದರೊಳಗೆ ಅವು ತುಂಬಿ, ನಾಚಿಕೆ ಮರ್ಯಾದೆಗಳನ್ನು ದಾಟಿ, ತುಪ್ಪದ ಹಂತಕ್ಕೆ ಬಂದಿದ್ದವು. ಅವನು ಮೆಚ್ಚುಗೆಯಿಂದ ತಲೆಯಾಡಿಸಿ ಕಿವಿಗೆ ಹಾಕಿಕೊಂಡು ಎಲೆಯ ಮುಂದೆ ಕುಳಿತ. ಉಳಿದವು ತಟ್ಟೆಯಲ್ಲೇ ಉಣ್ಣುತ್ತಿದ್ದವು.

ಪಡಸಾಲೆಯಲ್ಲಿ ಈಗ ಎರಡು ಪಂಕ್ತಿ ನಡೆದಿತ್ತು. ಒಂದರಲ್ಲಿ ನೀಲಕ್ಕ ಬೀಗರಿಗೆ ಬಡಿಸುತ್ತಿದ್ದಳು, ಇನ್ನೊಂದರಲ್ಲಿ ಅವಳ ಧ್ವನಿ ಫೋನುಗಳಿಗೆ ಬಡಿಸುತ್ತಿತ್ತು. ಅವಳು ಹೋಳಿಗೆ ಹಾಕಿ ಒಂದೀಟು ತಗೋರಿ ಅಂದರೆ, ಮೂಲೆಯಿಂದ ಅದೂ ಒಂದೀಟು ತಗೋರಿ ಅನ್ನುತ್ತಿತ್ತು. ಬೀಗ ಎರಡೂ ಕೈಯಿಂದ ಎಲೆ ಮುಚ್ಚಿಕೊಂಡ. ಅವಳು ಬೆರಳುಗಳ ಸಂದಿಯಿಂದ ತುಪ್ಪ ಇಳಿಸಿದಳು. ಮೂಲೆಯಲ್ಲಿ ಫೋನು ಟಿಣ್ ಟಿಣ್ ಎಂದು ಗೋಗರೆಯುತ್ತ ನೂರಾ ಇಪ್ಪತ್ತು, ನೂರಾ ನಲವತ್ತು ದಾಟಿತು. ಗೋಡೆಗೆ ಒರಗಿ ನಿಂತ ಈರಬಸಪ್ಪನ ಮುಖದಲ್ಲಿ ಇಬ್ಬರು ಹೆಂಡಿರ ಗಂಡನ ಹೆಮ್ಮೆ ಕುಣಿಯುತ್ತಿತ್ತು.

ಮೊದಲು ಕೈಪಂಖ ಕೆಟ್ಟಿತು, ಅಂದರೆ ಮಿತಿ ಮೀರಿ ಒಳ್ಳೆಯದಾಯಿತು. ತಾನಾಗಿಯೇ ಗರ್ ಎಂದು ತಿರುಗಿ, ವೈರಿನಿಂದ ಕಳಚಿಕೊಂಡು, ಗಿರಿಜವ್ವನ ತಲೆಯ ಮೇಲಿನ ಸೆರಗನ್ನು ಎಳೆದುಕೊಂಡು ತೊಲೆಯವರೆಗೆ ಏರಿತು. ಆಮೇಲೆ ಸ್ಪೀಕರು ಯಾರೂ ಕೇಳದೆ ಭಜನೆ ಹಚ್ಚಿತು. ಫೋನುಗಳ ಬೆಳಕಿಗೆ ಪಡಸಾಲೆಯಲ್ಲಿ ಕಣ್ಣು ಬಿಡಲಾಗಲಿಲ್ಲ.

"ತೆಗೀರಿ ಅದನ್ನ!" ಎಂದು ಸ್ಫೂರ್ತಿ ಅಪ್ಪನಿಗೆ ಹೇಳಿದಳು. ಈರಬಸಪ್ಪ ಗೋಡೆಯ ಪ್ಲಗ್ಗು ಕಿತ್ತ.

ಅಡಾಪ್ಟರಿನ ದೀಪ ಆರಿತು. ಆಮೇಲೆ ಯಂತ್ರ ಸಣ್ಣ ದನಿಯಲ್ಲಿ, "ಕುಂತಿರ್ರಿ, ಏಳಬ್ಯಾಡ್ರಿ. ಬಂದೆ," ಎಂದಿತು. ಅದು ಪಕ್ಕದ ಮನೆಗೆ ಬಟ್ಟಲು ಹಿಡಿದು ಹೊರಟಿತ್ತು. ಕರೆಂಟು ಹೇಗೆ ಗೋಡೆ ದಾಟಿತೋ ಈರಬಸಪ್ಪನಿಗೂ ಗೊತ್ತಿಲ್ಲ. ಓಣಿಯಲ್ಲಿ ಒಂದೊಂದೇ ಮನೆಯ ಫ್ಯಾನು ನಿಧಾನವಾಯಿತು, ಮಿಕ್ಸರುಗಳು ಚಟ್ನಿಯ ನಡುವೆ ನಿಂತವು. ಮಡಿವಾಳಪ್ಪ ಮಾಸ್ತರರು ಬಾಗಿಲಿಗೆ ಬಂದು, ತಮ್ಮ ಇನ್ವರ್ಟರು ಕಣ್ಣೆದುರಿಗೇ ಖಾಲಿಯಾಯಿತೆಂದೂ, ವಾರದ ಹಿಂದೆ ತುಂಬಿಸಿಕೊಂಡು ಹೋದ ಫೋನನ್ನೂ ಯಾರೋ ಹೀರಿದರೆಂದೂ ದೂರು ಹೇಳಿದರು. ಬೀಗನ ಫೋನು ನೂರಾ ಎಂಬತ್ತಕ್ಕೆ ಬಂದಿತ್ತು.

ನೀಲಕ್ಕ ಇನ್ನಷ್ಟು ಹೋಳಿಗೆ ತರಲು ಒಳಗೆ ಹೋದವಳು ಬುಟ್ಟಿಯ ತಳ ಕಂಡು ಗಾಬರಿಯಾದಳು. ಒಂದು ಕಡೆ ಯಂತ್ರದ ಗದ್ದಲ, ಇನ್ನೊಂದು ಕಡೆ ಬೀಗನ ಎಲೆ. ಹಿಂದೆ ಬಂದ ಮಗಳಿಗೆ ಅವಳು ತುಟಿಯೊಳಗೇ ಹೇಳಿದಳು.

"ನಿಮ್ಮ ಮಾವಂದು ಹೊಟ್ಟಿ ಅಲ್ಲವ್ವ, ಹಗೇವು."

ಜೋಳ ತುಂಬುವ ನೆಲದ ಹಗೇವು ಎಷ್ಟು ಹಾಕಿದರೂ ನುಂಗುತ್ತದೆ. ಅವಳು ಹೇಳಿದ್ದು ಮಗಳಿಗೂ ಸರಿಯಾಗಿ ಕೇಳಲಿಲ್ಲ. ಆದರೆ ಪಡಸಾಲೆಯಿಂದ ಬೀಗನ ಧ್ವನಿ ಬಂತು.

"ಹಗೇವು ಅಂದ್ರಲ್ಲ ತಂಗಿ, ಕೇಳಿಸ್ತು."

ನೀಲಕ್ಕ ಬುಟ್ಟಿಯನ್ನು ಎದೆಗವಚಿಕೊಂಡಳು. ತುಪ್ಪದ ಹಂತ ದಾಟಿದ ಆ ಶ್ರವಣಯಂತ್ರಗಳಲ್ಲಿ ಬೀಗನಿಗೆ ಈಗ ಎಲ್ಲವೂ ಕೇಳುತ್ತಿತ್ತು. ಹಿಂದಿನ ಓಣಿಯ ಒಗ್ಗರಣೆ, ಬೆಲ್ಲದ ಡಬ್ಬಿಯೊಳಗೆ ಇರುವೆ ನಡೆಯುವುದು, ಅಡುಗೆಮನೆಯ ಪಿಸುಮಾತು. ಅವನ ಕೈ ಎಲೆಯ ಮೇಲೆ ನಿಂತಿತು. ಅವನು ಒಂದು ಮೊಣಕಾಲು ಎತ್ತಿ ಏಳಲು ಹೊರಟ. ಎಲೆಯ ಮೇಲೆ ಅರ್ಧ ಹೋಳಿಗೆ ಉಳಿದಿತ್ತು.

ಬೀಗ ಎಲೆಯಲ್ಲಿ ಅನ್ನ ಬಿಟ್ಟು ಎದ್ದರೆ ಆ ಮನೆಯ ಮಾನ ಅಲ್ಲಿಗೆ ಮುಗಿಯಿತು. ಫೋನಿನ ಮಾತು ನಾಲ್ಕು ಮದುವೆಯಲ್ಲಿ ನಡೆದಿತ್ತು, ಇದು ನಲವತ್ತು ಮದುವೆಯಲ್ಲಿ ನಡೆಯುತ್ತದೆ. ನೀಲಕ್ಕ ಬಾಗಿಲಲ್ಲಿ ಬಂದು ನಿಂತಳು. ನಾಚಿಕೆಗೆ ಮುಖ ಉರಿಯುತ್ತಿತ್ತು. ಮೂಲೆಯಲ್ಲಿ ಯಂತ್ರ ಮಾತ್ರ ಅವಳದೇ ಧ್ವನಿಯಲ್ಲಿ, "ಸಂಕೋಚ ಮಾಡಬ್ಯಾಡ್ರಿ, ನಿಮ್ಮನಿ ಅಂತ ತಿಳ್ಕೋರಿ," ಎನ್ನುತ್ತಲೇ ಇತ್ತು. ಕೇಳಿ ಕೇಳಿ ಅವಳಿಗೆ ಅದರ ಬಾಯಿಗೆ ಹೋಳಿಗೆ ತುರುಕಬೇಕೆನಿಸಿತು. ಬಡಿಸುವ ಹೆಂಗಸು ಇಷ್ಟು ಕಾಟ ಕೊಡುತ್ತಾಳೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಅರ್ಧ ಎದ್ದಿದ್ದ ಬೀಗ ಅಲ್ಲೇ ತಡೆದು ನಿಂತು ಕಿವಿಗೊಟ್ಟ.

"ಗುಡುಗು ಎಲ್ಲಿಂದ ಬರಾಕತ್ತೈತಿ?" ಎಂದ.

ಯಾರಿಗೂ ಏನೂ ಕೇಳಲಿಲ್ಲ. ಅವನು ತಲೆ ಈ ಕಡೆ ಆ ಕಡೆ ತಿರುಗಿಸಿ, ಯಂತ್ರದ ಕಡೆ ನೋಡಿ ಅಲ್ಲವೆಂದು ತಲೆಯಾಡಿಸಿ, ಕೊನೆಗೆ ನೀಲಕ್ಕನ ಕಡೆ ತಿರುಗಿದ. ಅವನ ಮುಖ ಬದಲಾಯಿತು.

"ತಂಗಿ, ಇದು ನಿಮ್ಮ ಹೊಟ್ಟಿ. ಮುಂಜಾನಿಂದ ಏನೂ ತಿಂದಿಲ್ಲೇನು?"

ನೀಲಕ್ಕ ಸೆರಗನ್ನು ಹೊಟ್ಟೆಗೆ ಒತ್ತಿ ಹಿಡಿದಳು. ಅದು ಮತ್ತೊಮ್ಮೆ ಗುಡುಗಿರಬೇಕು, ಬೀಗ ಎರಡೂ ಕಿವಿ ಮುಚ್ಚಿಕೊಂಡ. ಆಮೇಲೆ ಅವನು ಉಳಿದ ಅರ್ಧ ಹೋಳಿಗೆಯನ್ನು ಒಂದೇ ತುತ್ತಿಗೆ ನುಂಗಿ, ಎಲೆ ಮಡಚಿ, ಕೈ ತೊಳೆದು ಬಂದು ತನ್ನ ಮಣೆಯನ್ನು ಅವಳ ಮುಂದೆ ಹಾಕಿದ.

"ಕೂಡ್ರಿ. ನಾ ಬಡಸ್ತೀನಿ."

ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೀಲಕ್ಕ ಪಂಕ್ತಿಯಲ್ಲಿ ಕುಳಿತವಳಲ್ಲ. ಎಲ್ಲರದ್ದೂ ಆದ ಮೇಲೆ ಒಲೆಯ ಪಕ್ಕ ಕುಳಿತು ತಳ ಬಳಿದುಕೊಂಡು ಉಣ್ಣುವುದೇ ರೂಢಿ. ಬ್ಯಾಡ ಅಂದಳು, ಆಮ್ಯಾಲೆ ಅಂದಳು. ಬೀಗ ಕೇಳಲಿಲ್ಲ, ಗಿರಿಜವ್ವ ಭುಜ ಹಿಡಿದು ಕೂರಿಸಿದಳು. ಬುಟ್ಟಿಯ ತಳದಲ್ಲಿದ್ದ ಹೋಳಿಗೆಗಳು ಒಂದೊಂದೇ ಅವಳ ಎಲೆಗೆ ಬಂದವು. ಮಾಸ್ತರರ ಮನೆಯಿಂದಲೂ ಒಂದು ಬಟ್ಟಲು ತುಪ್ಪ ಬಂತು, ಈ ಸಲ ಅವರೇ ತಂದರು. ಅವಳು ತಿಂದಳು. ಎಷ್ಟು ತಿಂದಳೆಂದರೆ, ಬೀಗ ಕೊನೆಯ ಹೋಳಿಗೆ ಹಿಡಿದು ಬಂದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಮನಸಾರೆ ಹೇಳಿದಳು.

"ಸಾಕು."

ಮೂಲೆಯಲ್ಲಿ ಯಂತ್ರ ಥಟ್ಟನೆ ನಿಂತಿತು. ಹಬ್ಬಹಬ್ಬಕ್ಕೂ ಮೈಕು ಹಿಡಿದು ತಿರುಗಿದ ಈರಬಸಪ್ಪನಿಗೆ ಆ ಮಾತು ಹೆಂಡತಿಯ ಧ್ವನಿಯಲ್ಲಿ ಒಮ್ಮೆಯೂ ಸಿಕ್ಕಿರಲಿಲ್ಲ. ಯಂತ್ರವೂ ಇದೇ ಮೊದಲ ಸಲ ಕೇಳಿದ್ದು. ಅದು ಮೆಲ್ಲಗೆ, "ಸಾಕಾತೇನು? ಹಂಗಾರ ಕೈ ತೊಳ್ಕೋರಿ," ಎಂದಿತು. ಮೇಲೆ ಸುತ್ತುತ್ತಿದ್ದ ಕೈಪಂಖ ಗಿರಿಜವ್ವನ ಕಡೆ ಗಾಳಿ ಬೀಸುತ್ತ ಇಳಿದು ಕಟ್ಟಿನ ಸಾರಿನ ಪಾತ್ರೆಯಲ್ಲಿ ಕುಳಿತಿತು.

ಇಷ್ಟಕ್ಕೇ ಮುಗಿಯಲಿಲ್ಲ. ಬಟ್ಟಲು ಬರಿದಾಗಿ ಹಿಂದಿರುಗಿಸಬಾರದು ಎಂಬ ಪಾಠ ಯಂತ್ರಕ್ಕೆ ನೆನಪಿತ್ತು. ತಂದಿದ್ದಕ್ಕಿಂತ ಒಂದು ಕೈ ಹೆಚ್ಚಾಗಿಯೇ ಅದು ಓಣಿಗೆ ತಿರುಗಿ ಕೊಟ್ಟಿತು. ಮಾಸ್ತರರ ಇನ್ವರ್ಟರು ತುಂಬಿ ಹೊರಚೆಲ್ಲಿತು. ನಿಂತ ಮಿಕ್ಸರುಗಳು ಚಟ್ನಿಯನ್ನು ನೀರಾಗುವಂತೆ ಅರೆದವು. ಯಾವ ಕಾಲದಲ್ಲೋ ಸೆಲ್ಲು ತೀರಿ ಅಟ್ಟ ಸೇರಿದ್ದ ಗಡಿಯಾರಗಳು ಟಿಕ್ ಟಿಕ್ ಎಂದವು. ನಡುಮಧ್ಯಾಹ್ನದ ಬಿಸಿಲಲ್ಲಿ ಓಣಿಯ ದೀಪಗಳೆಲ್ಲ ಹತ್ತಿಕೊಂಡು, ಪಂಚಮಿಗೇ ದೀಪಾವಳಿ ಬಂತೆಂದು ಜನ ಹೊರಗೆ ಬಂದು ನೋಡಿದರು. ಇದು ಯಾರ ಮನೆಯ ಕೆಲಸ ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ನೀಲಕ್ಕ ಕಟ್ಟೆಯ ಮೇಲೆ ನಿಂತು, ಇದರಲ್ಲಿ ತನ್ನದೇನೂ ಇಲ್ಲವೆಂಬ ಮುಖ ಮಾಡಿಕೊಂಡು ಒಂದೊಂದೇ ದೀಪವನ್ನು ಕಣ್ತುಂಬ ನೋಡಿದಳು.

ಈರಬಸಪ್ಪ ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ. ಎಡವಟ್ಟು ಎಲ್ಲಿ ಎಂದು ಬೀಗ ಕೇಳಿದ್ದಕ್ಕೆ, ಯಂತ್ರದಲ್ಲಿ ಏನೂ ತಪ್ಪಿಲ್ಲ, ಕಲಿಸಿದವರ ಕೈ ಸ್ವಲ್ಪ ಧಾರಾಳ ಎಂದ. ಹೆಂಡತಿ ಅವನನ್ನು ದುರುಗುಟ್ಟಿ ನೋಡಿದಳು, ಆದರೆ ಆ ನೋಟದಲ್ಲಿ ಕೋಪ ಕಡಿಮೆ ಇತ್ತು. ಬೀಗರು ಸಂಜೆಯ ಬಸ್ಸಿಗೆ ಹೊರಟರು. ಹೊರಡುವಾಗ ರುದ್ರಮುನಿಯಪ್ಪನ ಫೋನು ಇನ್ನೂರಾ ಹನ್ನೆರಡು ತೋರಿಸುತ್ತಿತ್ತು, ಅಂಗಿಯ ಜೇಬು ಬೆಳಗುತ್ತಿತ್ತು.

ದಸರೆ ಮುಗಿದು ಮದುವೆಗಳು ಸುರುವಾದವು. ಬೀಗ ಹೋದಲ್ಲೆಲ್ಲ ಈಗ ಬೇರೆಯೇ ಮಾತು. ಪಂಕ್ತಿಯ ನಡುವೆ ಫೋನು ಎತ್ತಿ ತೋರಿಸಿ ಹೇಳುತ್ತಾನಂತೆ. ಗದಗಿನ ಬೀಗರ ಮನೆಯಲ್ಲಿ ಒಮ್ಮೆ ಉಂಡದ್ದು, ಈವರೆಗೆ ಇದಕ್ಕೆ ಹಸಿವೇ ಆಗಿಲ್ಲ, ಇನ್ನೂ ನೂರಾ ಮೂರಕ್ಕೆ ನಿಂತಿದೆ, ಅಂಥ ಕೈ ಆ ಹೆಣ್ಣುಮಗಳದ್ದು. ಜನ ಊಟ ಬಿಟ್ಟು ಎದ್ದು ಬಂದು ನೋಡುತ್ತಾರಂತೆ.

ಸ್ಫೂರ್ತಿ ಇದನ್ನು ಫೋನಿನಲ್ಲಿ ಹೇಳಿದಾಗ ಈರಬಸಪ್ಪನ ಕಣ್ಣು ಒದ್ದೆಯಾಯಿತು. ನೀಲಕ್ಕ ಪೂರಾ ಕೇಳಿದಳು. ಇನ್ನೊಮ್ಮೆ ಹೇಳಿಸಿ ಕೇಳಿದಳು. ಆಮೇಲೆ ಏನೋ ನೆನಪಾಗಿ ಅವಳ ಮುಖ ಸಪ್ಪಗಾಯಿತು.

"ಅಯ್ಯ, ಆ ಗದ್ದಲದಾಗ ಫೋನಿಗೆ ಹಾದಿಗೆ ಬುತ್ತಿ ಕಟ್ಟಿ ಕೊಡೂದ ಮರತೆ."